ಟ್ಯಾನ್ಸಿಗೆ ಮುಖ ಕೊಟ್ಟವಳು

ಸನ್ ವ್ಯಾಲಿ, ಕ್ಯಾಲಿಫೋರ್ನಿಯಾ
ಜನವರಿ 11, 2019

ಪ್ರೀತಿಯ ಕೊರಿನ್,

ಕ್ರಿಸ್‌ಮಸ್ ಕಾರ್ಡು ತಲುಪಿತು. ಲೈಲ್ ಗಡ್ಡ ಬಿಟ್ಟಿದ್ದಾನೆ. ನನ್ನದೇನೂ ತಕರಾರಿಲ್ಲ, ಅಳಿಯನ ಗಲ್ಲ ಬಚ್ಚಿಡುವಂಥದ್ದೇ. ಒಪಲ್‌ಳ ಮುಂದಿನ ಹಲ್ಲು ಬಿದ್ದದ್ದನ್ನು ನೀನು ಬರೆಯದೆ ಹೋದರೂ ಫೋಟೋ ನೋಡಿ ತಿಳಿದುಕೊಂಡೆ. ಕಾರ್ಡನ್ನು ಫ್ರಿಜ್ಜಿನ ಬಾಗಿಲಿಗೆ ಅಂಟಿಸಿದ್ದೇನೆ.

ನೀನು ಫೋನ್ ಮಾಡಿದ್ದರೆ ನನಗೆ ಕೇಳಿಸಿಲ್ಲ. ಜೀವಮಾನವೆಲ್ಲ ಗೊಂಬೆ ಉಜ್ಜಿ ನಯಮಾಡುವ ಯಂತ್ರದ ಪಕ್ಕದಲ್ಲಿ ನಿಂತ ಕಿವಿ ಇದು, ಈಗ ಎದುರಿಗೆ ನಿಂತು ಕೂಗಿದರೂ ಅರ್ಧ ಕೇಳುತ್ತದೆ. ಆದ್ದರಿಂದ ಇನ್ನು ಮೇಲೆ ಕಾಗದವೇ. ಕಾಗದದಲ್ಲಿ ಇನ್ನೊಂದು ಅನುಕೂಲವಿದೆ, ಮಾತಿನ ಮಧ್ಯೆ ಫೋನ್ ಕುಕ್ಕಲು ಬರುವುದಿಲ್ಲ.

ವಿಷಯ ಏನೆಂದರೆ, ನನ್ನ ಕೊಲೆಗಡುಕ ಗೊಂಬೆ ಟ್ಯಾನ್ಸಿ ಮತ್ತೆ ಏಳುತ್ತಿದ್ದಾಳೆ. ಐದು ಸಿನಿಮಾದಲ್ಲಿ ಸುಟ್ಟು, ಕೊಚ್ಚಿ, ಸಿಮೆಂಟಿನಲ್ಲಿ ಹೂತು, ಕಡೆಗೆ ಹಡಗಿನಿಂದ ಸಮುದ್ರಕ್ಕೆ ಎಸೆದ ಮೇಲೆ ಇನ್ನು ಸತ್ತಳು ಎಂದುಕೊಂಡಿದ್ದೆ. ಹೋದ ವಾರ ಡೆಸ್ಮಂಡ್ ಆಕ್ಟರ್‌ಬರ್ಗ್ ಎಂಬ ನಿರ್ಮಾಪಕ ನನ್ನ ಗ್ಯಾರೇಜಿಗೆ ಬಂದಿದ್ದ. ಮೂವತ್ತೊಂದೋ ಎರಡೋ ವಯಸ್ಸು, ಚಳಿಗಾಲದಲ್ಲೂ ಕಾಲುಚೀಲ ಹಾಕುವುದಿಲ್ಲ. ಕಂಪ್ಯೂಟರಿನಲ್ಲಿ ಟ್ಯಾನ್ಸಿಯನ್ನು ಬರೆದು ಅಭಿಮಾನಿಗಳಿಗೆ ತೋರಿಸಿದರಂತೆ. ಒಬ್ಬರೂ ಹೆದರಲಿಲ್ಲವಂತೆ, ಕೆಲವರು ನಕ್ಕರಂತೆ.

"ಮೇಡಂ, ಜನಕ್ಕೆ ಕೈಯಲ್ಲಿ ಮಾಡಿದ್ದೇ ಬೇಕು. ಅದೇ ಮುಖ ಬೇಕು. ನೀವೇ ಮಾಡ್ಬೇಕು," ಎಂದ.

ನಿನ್ನ ಮುಖದ ಹಳೆಯ ಅಚ್ಚನ್ನು ತೆಗೆದು ತೋರಿಸಲು ಹೋದೆ. ಇಷ್ಟು ವರ್ಷದ ಬಿಸಿಲು ತಗಡಿನ ಶೆಡ್ಡಿನಲ್ಲಿ ಅದನ್ನು ಬೇಯಿಸಿಬಿಟ್ಟಿತ್ತು. ಮುಟ್ಟಿದ ಕಡೆಯೆಲ್ಲ ಪುಡಿ. ಮೂಗು ನನ್ನ ಅಂಗೈಯಲ್ಲೇ ಉಳಿಯಿತು. ಡೆಸ್ಮಂಡ್ ಪಾಪ, ಸಾವಿನ ಮನೆಗೆ ಬಂದವನಂತೆ ನಿಂತಿದ್ದ. ಸಮಾಧಾನಕ್ಕೆ ಕಾಫಿ ಕೊಡುತ್ತೇನೆ ಎಂದೆ. ಹಾಲು ತರಲು ಫ್ರಿಜ್ಜಿನ ಹತ್ತಿರ ಹೋದವನು ಅಲ್ಲೇ ನಿಂತುಬಿಟ್ಟ.

"ಈ ಮಗು ಯಾರು ಮೇಡಂ?"

ನನ್ನ ಮೊಮ್ಮಗಳು ಎಂದೆ. ಆ ವಯಸ್ಸಿನ ನಿನ್ನದೇ ಮುಖ ಅವಳದು. ಇನ್ನು ನಾನು ಹೇಳುವುದೇನೂ ಉಳಿದಿಲ್ಲ, ನಿನಗೆ ಅರ್ಥವಾಗಿರುತ್ತದೆ. ಫೆಬ್ರವರಿಗೆ ಅವಳಿಗೆ ಆರು ತುಂಬುತ್ತದೆ, ನಿನ್ನ ಅಚ್ಚು ತೆಗೆದಾಗ ನಿನಗೂ ಅಷ್ಟೇ. ಈಗಿನ ಅಚ್ಚಿನ ಪುಡಿ ಬೇಗ ಗಟ್ಟಿಯಾಗುತ್ತದೆ, ಚರ್ಮಕ್ಕೆ ಏನೂ ಆಗುವುದಿಲ್ಲ. ನಿನಗೆ ನಾನು ಹೇಳಿಕೊಡಬೇಕೇ, ದಿನಾ ಅದೇ ಪುಡಿಯಲ್ಲಿ ಜನರ ಬಾಯಿಯ ಅಚ್ಚು ನೋಡುವವಳು ನೀನು. ಯೋಚಿಸಿ ಬರೆ.

ಅಮ್ಮ

*

ಟೊಲೆಡೊ, ಒಹಾಯೊ
ಜನವರಿ 24

ಅಮ್ಮಾ,

ಯೋಚಿಸಿದೆ. ಆಗುವುದಿಲ್ಲ.

ಇಷ್ಟಕ್ಕೇ ನಿಲ್ಲಿಸಬೇಕೆಂದಿದ್ದೆ. ಅಂಚೆಚೀಟಿ ಅಂಟಿಸಿದ ಮೇಲೆ ದಂಡವಾಗಬಾರದು ಎಂದು ಇನ್ನೊಂದಿಷ್ಟು ಬರೆಯುತ್ತೇನೆ.

ಊಟದ ಹೊತ್ತಿಗೆ ನಿಮ್ಮ ಗೊಂಬೆ ಕಾರ್ಖಾನೆಯಲ್ಲಿ ನೀವೆಲ್ಲ ಟ್ಯಾನ್ಸಿಯ ತಲೆಗೆ ಬಟ್ಟೆಯ ಚೀಲ ಹಾಕುತ್ತಿದ್ದಿರಿ. ಅವಳು ನೋಡುತ್ತಿದ್ದರೆ ಯಾರಿಗೂ ತುತ್ತು ಇಳಿಯುವುದಿಲ್ಲ ಎಂದು ನಗುತ್ತಿದ್ದಿರಿ. ಶಾಲೆಯಲ್ಲಿ ನನಗೂ ಅಂಥದೊಂದು ಚೀಲ ಬೇಕಿತ್ತು. ಎರಡನೇ ಸಿನಿಮಾ ಬಂದ ವರ್ಷ ಊಟದ ಟೇಬಲಿನಲ್ಲಿ ನನ್ನ ಪಕ್ಕ ಯಾರೂ ಕೂರುತ್ತಿರಲಿಲ್ಲ. ಹುಡುಗರು ನನ್ನ ಡೆಸ್ಕಿನಲ್ಲಿ ಪ್ಲಾಸ್ಟಿಕ್ ಚಾಕು ಇಟ್ಟು, ದೂರ ನಿಂತು, "ಎದ್ದೇಳು ಟ್ಯಾನ್ಸಿ, ಎದ್ದೇಳು" ಎಂದು ಹಾಡುತ್ತಿದ್ದರು. ಬೆಕ್ಕಿಗೆ ಚೆಲ್ಲಾಟ, ಇಲಿಗೆ ಪ್ರಾಣಸಂಕಟ. ಟೀಚರಿಗೆ ಹೇಳಿದೆ. ಅವರು ನನ್ನ ಮುಖವನ್ನು ನೋಡಿದರು, ಆಮೇಲೆ ಬೇರೆ ಕಡೆ ನೋಡಿದರು. ನಾನು ದೊಡ್ಡವಳಾದ ಮೇಲೂ ಎಷ್ಟೋ ಜನ, "ನಿಮ್ಮನ್ನ ಎಲ್ಲೋ ನೋಡಿದೀನಿ," ಎಂದು ಹತ್ತಿರ ಬಂದು, ನೆನಪಾದೊಡನೆ ಒಂದು ಹೆಜ್ಜೆ ಹಿಂದೆ ಸರಿಯುತ್ತಿದ್ದರು. ಕೂದಲು ಕತ್ತರಿಸಿಕೊಂಡೆ, ಊರು ಬಿಟ್ಟೆ. ಇಲ್ಲಿ ಲ್ಯಾಬಿನ ಒಳಕೋಣೆಯಲ್ಲಿ ಕೂತು ಮುದುಕರಿಗೆ ಹಲ್ಲಿನ ಸೆಟ್ಟು ಮಾಡುತ್ತೇನೆ. ನನ್ನ ಮುಖ ಯಾರೂ ನೋಡಬೇಕಾಗಿಲ್ಲ, ಅವರ ಮುಖ ನಾನೂ ನೋಡುವುದಿಲ್ಲ. ಆರಾಮವಾಗಿದ್ದೇನೆ.

ಒಪಲ್‌ಗೆ ಅವಳ ಮುಖ ಅವಳದೇ ಆಗಿರಲಿ. ಫ್ರಿಜ್ಜಿನ ಮೇಲಿನ ಕಾರ್ಡು ತೆಗೆದಿಡು.

ಲೈಲ್‌ನ ಗಲ್ಲ ಚೆನ್ನಾಗಿಯೇ ಇದೆ.

ಕೊರಿನ್

*

ಸನ್ ವ್ಯಾಲಿ
ಮಾರ್ಚ್ 4

ಪ್ರೀತಿಯ ಕೊರಿನ್,

ಕಾರ್ಡು ತೆಗೆದು ಮೇಜಿನ ಡ್ರಾಯರಿನಲ್ಲಿ ಇಟ್ಟಿದ್ದೇನೆ. ಕಾಗದಕ್ಕೆ ಉತ್ತರ ತಡವಾಯಿತು. ಒಂದು ಟೂತ್‌ಪೇಸ್ಟ್ ಜಾಹೀರಾತಿಗೆ ಹಲ್ಲು ಮುಂದೆ ಚಾಚಿದ, ಮಾತಾಡುವ ಬೀವರ್ ಪ್ರಾಣಿಯನ್ನು ಮಾಡಿಕೊಟ್ಟೆ. ಈಗ ನನಗೆ ಬರುವ ಕೆಲಸ ಇಂಥದ್ದೇ. ಮೊಸಳೆ, ಬೀವರ್, ಮ್ಯೂಸಿಯಮ್ಮಿಗೆ ಒಂದು ಮೀನು.

ಹೋದ ಶನಿವಾರ ಪ್ಯಾಸಡೀನಾದಲ್ಲಿ ಭಯದ ಸಿನಿಮಾಗಳ ಅಭಿಮಾನಿಗಳ ಮೇಳವಿತ್ತು. ಹೋಟೆಲಿನ ಹಾಲಿನಲ್ಲಿ ನನಗೊಂದು ಮೇಜು ಹಾಕಿ, ಹಿಂದೆ ನನ್ನ ಹೆಸರಿನ ಬಟ್ಟೆ ಕಟ್ಟಿದ್ದರು. ಮಧ್ಯಾಹ್ನದವರೆಗೂ ಸಾಲು ಕರಗಲಿಲ್ಲ. ಸುಮ್ಮನೆ ರುಜು ಹಾಕಿ ಬೇಸರವಾಗಿ, ಬಂದವರನ್ನೆಲ್ಲ ಒಂದೇ ಪ್ರಶ್ನೆ ಕೇಳಿದೆ. ಇಷ್ಟು ವರ್ಷವಾದರೂ ಈ ಗೊಂಬೆ ಯಾಕೆ ಬೇಕು ನಿಮಗೆ? ಎದುರಿಗೆ ಒಂದು ಹಾಳೆ ಇಟ್ಟು, ಯಾರ ಮಾತು ಕೇಳಿಸಲಿಲ್ಲವೋ ಅವರಿಂದ ಬರೆಸಿಕೊಂಡೆ.

ಬೇಕರ್ಸ್‌ಫೀಲ್ಡಿನ ಒಬ್ಬ ನರ್ಸು ಹೇಳಿದಳು, "ದೆವ್ವ ಬಂದ್ರೆ ಏನ್ ಮಾಡ್ತೀರಾ ಮೇಡಂ? ಪಾದ್ರಿ ಬೇಕು, ಶಿಲುಬೆ ಬೇಕು, ನೂರೆಂಟು ತಾಪತ್ರಯ. ಗೊಂಬೆ ಬಂದ್ರೆ ಜಾಡಿಸಿ ಒದ್ದರಾಯ್ತು. ಒದೀಬಹುದು ಅಂತ ಗೊತ್ತಿದ್ದೂ ಹೆದ್ರಿಕೆ ಆಗತ್ತಲ್ಲ, ಅದೇ ಮಜಾ."

ಅವಳ ಹಿಂದೆ ಬಾಗಿಲಿನಷ್ಟು ಅಗಲದ ಒಬ್ಬ ಗಂಡಸು. ಮಾಂಸದಂಗಡಿಯಲ್ಲಿ ಕೆಲಸವಂತೆ, ಮೀನಖಂಡದ ಮೇಲೆ ಟ್ಯಾನ್ಸಿಯ ಹಚ್ಚೆ. "ನಾವು ಏಳು ಜನ ಮಕ್ಳು, ನಾನೇ ಕಡೇವ್ನು. ಊಟಕ್ಕೆ ಕೂತ್ರೆ ನಾನೊಬ್ಬ ಇದೀನಿ ಅಂತ ಯಾರಿಗೂ ಗ್ಯಾನ ಇರ್ತಿರ್ಲಿಲ್ಲ. ಟ್ಯಾನ್ಸಿ ಆ ಕುರ್ಚಿಯಿಂದ ಇಳಿದು ಮೊದಲ್ನೇ ಹೆಜ್ಜೆ ಇಟ್ಲು ನೋಡಿ, ಥಿಯೇಟರಲ್ಲಿ ಎಲ್ಲ ಕಿರುಚಿದ್ರು. ನಾನು ಚಪ್ಪಾಳೆ ಹೊಡ್ದೆ."

ಆಮೇಲೆ ಅಜ್ಜಿ, ಮಗಳು, ಮೊಮ್ಮಗಳು ಮೂವರೂ ಟ್ಯಾನ್ಸಿಯ ಹಳದಿ ಫ್ರಾಕು ತೊಟ್ಟು ಬಂದರು. ನಡುವಿನವಳು ಹೇಳಿದಳು, "ಅಮ್ಮ ನಂಗೆ ತೋರ್ಸಿದ್ಲು, ನಾನು ಇವ್ಳಿಗೆ. ಚಿನ್ನ ಬೆಳ್ಳಿ ಅಂತೂ ನಮ್ಮನೇಲಿಲ್ಲ. ಹೆದರಿಕೊಳ್ಳೋದೊಂದಿದೆ, ಅದನ್ನೇ ಕೊಟ್ಟೆ."

"ನಂಗೇನ್ ಹೆದ್ರಿಕೆ ಇಲ್ಲ," ಎಂದಿತು ಚಿಕ್ಕದು.

"ಹೌದಮ್ಮ ಹೌದು. ಬಾತ್‌ರೂಮಿಗೆ ದಿನಾ ನನ್ನ ಎಳ್ಕೊಂಡ್ ಹೋಗೋಳು ಪಕ್ಕದ ಮನೆಯವ್ಳು!"

ನಾನು ಎಷ್ಟು ನಕ್ಕೆನೆಂದರೆ ಪೆನ್ನು ಕೆಳಗೆ ಬಿತ್ತು. ಇವರೆಲ್ಲರಿಂದ ನನಗೆ ತಿಳಿದದ್ದು ಇಷ್ಟು. ಪ್ರತಿ ಮನೆಯಲ್ಲೂ ಒಂದು ಗೊಂಬೆ ಇದೆ, ಸಂಜೆಯಾದರೆ ಅದನ್ನು ಗೋಡೆಯ ಕಡೆ ತಿರುಗಿಸಿಡುತ್ತಾರೆ, ಆದರೆ ಯಾರೂ ಬಿಸಾಡುವುದಿಲ್ಲ. ಹೇಳಿದ ಕಡೆ ಕೂರುವ, ಹೊಡೆದರೆ ಹೊಡೆಸಿಕೊಳ್ಳುವ, ಉಡಿಸಿದ್ದನ್ನು ಉಡುವ ಒಂದು ವಸ್ತು ಎದ್ದು ಬಂದು ಲೆಕ್ಕ ಕೇಳಿದರೆ ಏನು ಗತಿ ಎಂದು ಎಲ್ಲರಿಗೂ ಒಳಗೊಳಗೇ ಅಳುಕು. ಕೇಳಲಿ ಎಂಬ ಆಸೆಯೂ ಅಷ್ಟೇ ಇದೆ. ಹಾಗಾಗಿ ಟಿಕೇಟು ತೆಗೆದುಕೊಂಡು ಹೋಗಿ ನೋಡಿ ಬರುತ್ತಾರೆ.

ಒಬ್ಬರು, "ಆ ಮುಖದ ಹುಡುಗಿ ಈಗ ಏನ್ಮಾಡ್ತಿದಾಳೆ?" ಎಂದು ಕೇಳಿದರು. ಒಹಾಯೊದಲ್ಲಿ ಹಲ್ಲು ಮಾಡುತ್ತಾಳೆ ಎಂದೆ. ಸಾಲಿನಲ್ಲಿದ್ದವರೆಲ್ಲ ತಮ್ಮ ಬಾಯಿಗೆ ಕೈ ಅಡ್ಡ ಹಿಡಿದರು. ಇನ್ನಷ್ಟು ಭಯಂಕರವಾಗಿ ಕೇಳಿಸಿತೋ ಏನೋ.

ಡೆಸ್ಮಂಡನೂ ಬಂದಿದ್ದ. ಏಪ್ರಿಲ್ ಕೊನೆಯವರೆಗೆ ಕಾಯುತ್ತಾನಂತೆ. ಆಮೇಲೆ ಬೇರೆ ದಾರಿ. ನಾನು ನಿನ್ನನ್ನು ಒತ್ತಾಯಿಸುತ್ತಿಲ್ಲ, ಸುದ್ದಿ ಹೇಳಿದೆ.

ಅಮ್ಮ

*

ಟೊಲೆಡೊ
ಮಾರ್ಚ್ 20

ಅಮ್ಮಾ,

ನೀನು ಒತ್ತಾಯಿಸದೆ ಸುದ್ದಿ ಹೇಳುವ ರೀತಿ ನನಗೆ ಚಿಕ್ಕಂದಿನಿಂದ ಗೊತ್ತು.

ಇಲ್ಲಿಯೂ ಒಂದು ಸುದ್ದಿಯಿದೆ. ಒಪಲ್ ತನ್ನ ಗೆಳತಿ ಬ್ರಿಯೆಲ್‌ಳ ಹುಟ್ಟುಹಬ್ಬಕ್ಕೆ ಹೋಗಿದ್ದಳು. ಕೇಕ್ ತಿಂದಾದ ಮೇಲೆ ಬ್ರಿಯೆಲ್‌ಳ ಅಣ್ಣ ಮಕ್ಕಳನ್ನೆಲ್ಲ ನೆಲಮಾಳಿಗೆಯಲ್ಲಿ ಕೂರಿಸಿ ಮೊದಲನೇ ಸಿನಿಮಾ ಹಾಕಿಬಿಟ್ಟಿದ್ದಾನೆ. ಅವರಮ್ಮ ನನಗೆ ಫೋನ್ ಮಾಡಿ, "ಕೊರಿನ್, ಸ್ವಲ್ಪ ಬೇಗ ಬರ್ತೀರಾ? ಒಪಲ್‌ಗೆ ಏನೂ ಆಗಿಲ್ಲ. ಉಳಿದ ಮಕ್ಳು ಅಳೋದು ನಿಲ್ಲಿಸ್ತಿಲ್ಲ," ಎಂದರು. ಹೋಗಿ ನೋಡಿದರೆ ಒಪಲ್ ಸೋಫಾದ ಮಧ್ಯೆ ಒಬ್ಬಳೇ ಕೂತಿದ್ದಾಳೆ. ಉಳಿದವರೆಲ್ಲ ಮೆಟ್ಟಿಲ ಮೇಲೆ. ಟಿವಿಯಲ್ಲಿರುವುದು ನಮ್ಮಮ್ಮ ಎಂದು ಎಲ್ಲರಿಗೂ ಹೇಳಿದ್ದಾಳೆ. ನಾನು ಬಾಗಿಲಲ್ಲಿ ಕಾಣಿಸಿಕೊಂಡದ್ದೇ ತಡ, ಮೆಟ್ಟಿಲ ಮೇಲಿನ ಅಳು ಎರಡರಷ್ಟಾಯಿತು.

ಕಾರಿನಲ್ಲಿ ಕೇಳಿದಳು.

"ಅಮ್ಮಾ, ಆ ಗೊಂಬೆ ನೀನೇ ಅಲ್ವಾ?"

"ಅಲ್ಲ. ಮುಖ ಮಾತ್ರ ನಂದು. ಅಜ್ಜಿ ಮಾಡಿದ್ದು."

"ಮತ್ತೆ ಕೈ?"

"ರಬ್ಬರಿಂದು."

"ಅಂದ್ರೆ ಅವ್ರನ್ನೆಲ್ಲ ಕೊಂದಿದ್ದು ನೀನಲ್ಲ."

"ನಾನಲ್ಲ."

ಕಿಟಕಿಯ ಕಡೆ ತಿರುಗಿ, "ಛೆ," ಎಂದಳು.

ಮುಂದಿನ ಭಾನುವಾರ ಅವಳನ್ನು ಲೈಲ್‌ನ ಅಕ್ಕನ ಮನೆಗೆ ಕಳಿಸಿ ನಾನೂ ಆ ಸಿನಿಮಾ ನೋಡಿದೆ. ಮೊದಲಿನಿಂದ ಕೊನೆಯವರೆಗೆ, ಇದೇ ಮೊದಲ ಸಲ. ಲೈಲ್ ಅರ್ಧದಲ್ಲೇ ದಿಂಬು ಅಡ್ಡ ಹಿಡಿದ. "ನಿನ್ ಜೊತೆ ಒಂಬತ್ತು ವರ್ಷ ಸಂಸಾರ ಮಾಡಿದೀನಿ ಕಣೇ, ಇವತ್ತು ಭಯ ಆಗ್ತಿದೆ," ಎಂದ. ನನಗೆ ಭಯವಾಗಲಿಲ್ಲ. ನಾನು ಕಸುಬಿನವಳ ಹಾಗೆ ನೋಡುತ್ತಿದ್ದೆ. ನಮ್ಮ ಲ್ಯಾಬಿನಲ್ಲಿ ಮೇಲಿನ ಹಲ್ಲು ಕೆಳಗಿನ ಹಲ್ಲಿನ ಮೇಲೆ ಕೂದಲೆಳೆಯಷ್ಟು ತಪ್ಪಾಗಿ ಕೂತರೂ ಮುದುಕರ ಮುಖಕ್ಕೆ ಸಿಟ್ಟಿನ ಕಳೆ ಬಂದುಬಿಡುತ್ತದೆ. ಹಾಗಾಗಿ ಕೊಂಚ ವಾರೆಯಿದ್ದರೂ ನನ್ನ ಕಣ್ಣಿಗೆ ಬೀಳುತ್ತದೆ. ಟ್ಯಾನ್ಸಿಯ ಕಣ್ಣು ವಾರೆಯಾಗಿದೆ. ಎರಡೂ ಗುಡ್ಡೆ ಒಳಕ್ಕೆ ತಿರುಗಿವೆ. ಬಾಗಿಲಲ್ಲಿ ನಿಂತ ಮನುಷ್ಯನನ್ನು ನೋಡಬೇಕಾದ ಜಾಗದಲ್ಲಿ ಅವಳು ಎಲ್ಲೋ ಹತ್ತಿರ ನೋಡುತ್ತಿದ್ದಾಳೆ, ಒಂದು ತೋಳಿನಳತೆಯ ದೂರದಲ್ಲಿ ಯಾರೋ ಕೂತಿರುವ ಹಾಗೆ. ಅದಕ್ಕೇ ನೋಡುವವರಿಗೆಲ್ಲ ಅವಳು ಪರದೆ ದಾಟಿ ತಮ್ಮ ಮಡಿಲಿನ ಹತ್ತಿರ ಬಂದುಬಿಟ್ಟಿದ್ದಾಳೆ ಅನ್ನಿಸುವುದು. ನಿನ್ನ ಮೇಳದವರು ಹೇಳಿದ್ದೆಲ್ಲ ನಿಜವಿರಬಹುದು, ಆದರೆ ಅವರನ್ನು ಕಟ್ಟಿಹಾಕಿರುವುದು ಆ ಕಣ್ಣು. ಅದನ್ನು ಬೇಕೆಂದೇ ಮಾಡಿದೆಯೋ, ತಪ್ಪಿ ಆಯಿತೋ?

ನನಗೆ ಆ ನೋಟ ಗೊತ್ತು ಅಮ್ಮಾ. ಸ್ಟೂಲಿನ ಮೇಲೆ ಕೂರಿಸಿಕೊಂಡು ನೀನು ಮಣ್ಣು ತಿದ್ದುತ್ತಿದ್ದ ಆ ಚಳಿಗಾಲವೆಲ್ಲ ನಾನು ನಿನ್ನನ್ನೇ ನೋಡುತ್ತಿದ್ದೆ. ನೀನು ನನ್ನ ಮುಖವನ್ನು ನೋಡುತ್ತಿದ್ದೆ. ಒಂದು ಸಲವೂ ನನ್ನನ್ನು ನೋಡಲಿಲ್ಲ.

ಕೊರಿನ್

*

ಸನ್ ವ್ಯಾಲಿ
ಏಪ್ರಿಲ್ 2

ಪ್ರೀತಿಯ ಕೊರಿನ್,

ಆ ಕಣ್ಣನ್ನು ಹಿಡಿದವರು ಇಲ್ಲಿಯವರೆಗೆ ನಮ್ಮ ಕಸುಬಿನವರು ಮಾತ್ರ. ಲ್ಯಾಬಿನಲ್ಲಿ ನಿನಗೆ ಎಷ್ಟು ಕೊಟ್ಟರೂ ಕಡಿಮೆಯೇ.

ಅದು ತಪ್ಪು. ಅಚ್ಚಿನ ಮುಖ ಯಾವಾಗಲೂ ಕಣ್ಣು ಮುಚ್ಚಿಯೇ ಬರುತ್ತದೆ, ತೆರೆಸುವುದು ನಮ್ಮ ಕೆಲಸ. ಗುಡ್ಡೆ ಕೂರಿಸುವಾಗ ಕೋಣೆಯ ಆಚೆ ತುದಿಯಲ್ಲಿ ಒಂದು ದೀಪ ಹಚ್ಚಿಡುತ್ತೇವೆ. ದೀಪದ ಚುಕ್ಕಿ ಎರಡು ಗುಡ್ಡೆಯಲ್ಲೂ ಒಂದೇ ಕಡೆ ಹೊಳೆಯುವವರೆಗೆ ತಿರುಗಿಸುತ್ತೇವೆ, ಆಗ ನೋಟ ದೂರಕ್ಕೆ ನೆಡುತ್ತದೆ. ಅವತ್ತು ನಾನು ದೀಪ ಸರಿಸಲು ಮರೆತೆ. ಅದು ಕೆಲಸದ ಮೇಜಿನ ಮೇಲೆ, ನನ್ನ ಕೆನ್ನೆಯ ಪಕ್ಕದಲ್ಲೇ ಇತ್ತು. ಟ್ಯಾನ್ಸಿ ನನ್ನ ಮೇಲೆ ಕಣ್ಣು ನೆಟ್ಟುಕೊಂಡೇ ಹುಟ್ಟಿದಳು.

ನಿರ್ದೇಶಕ ಸೆಟ್ಟಿನಲ್ಲಿ ಎಲ್ಲರ ಮುಂದೆ, "ಏನ್ರೀ ಇದು, ಮೆಳ್ಳೆಗಣ್ಣು! ಇದು ಕೊಲೆ ಮಾಡತ್ತೋ, ಕನ್ನಡಕದ ಅಂಗಡಿ ಹುಡುಕ್ಕೊಂಡು ಹೋಗತ್ತೋ?" ಎಂದು ಕೂಗಾಡಿದ. ಬಿಚ್ಚಿ ಮತ್ತೆ ಕೂರಿಸಲು ಸಮಯವಿರಲಿಲ್ಲ. ನೆಲದ ಹಲಗೆಗಳ ಕೆಳಗೆ ಐದು ಜನ ಮಲಗಿ ಒಬ್ಬ ಕಣ್ಣು, ಒಬ್ಬ ತುಟಿ, ಇಬ್ಬರು ಒಂದೊಂದು ಕೈ, ಒಬ್ಬ ಕಾಲು ಎಂದು ಅವಳನ್ನು ಆಡಿಸಲು ಕಾಯುತ್ತಿದ್ದರು. ಹಾಗೇ ಚಿತ್ರೀಕರಣ ಮಾಡಿದರು. ಮರುದಿನ ಅದನ್ನು ಪರದೆಯ ಮೇಲೆ ಹಾಕಿದಾಗ ಮುಂದಿನ ಸಾಲಿನಲ್ಲಿದ್ದ ಅದೇ ನಿರ್ದೇಶಕ ಕುರ್ಚಿ ಸಮೇತ ಹಿಂದಕ್ಕೆ ಸರಿದ. ಆಮೇಲೆ ಐದು ಸಿನಿಮಾದ ಅಷ್ಟೂ ಟ್ಯಾನ್ಸಿಗಳಿಗೆ ದೀಪವನ್ನು ಅಲ್ಲೇ ಇಟ್ಟು ಕಣ್ಣು ಕೂರಿಸಿದೆವು. ತಪ್ಪೇ ಪದ್ಧತಿಯಾಯಿತು. ಕಂಪ್ಯೂಟರಿನ ಹುಡುಗರು ಇದನ್ನು ತಪ್ಪೆಂದು ತಿಳಿದು ಸರಿಮಾಡಿರುತ್ತಾರೆ, ಅದಕ್ಕೇ ಜನ ನಕ್ಕಿದ್ದಾರೆ.

ನಿನ್ನ ಕಾಗದದ ಕೊನೆಯ ಸಾಲನ್ನು ಮತ್ತೆ ಮತ್ತೆ ಓದಿದೆ. ಹೌದು ಎನ್ನಲು ಕಷ್ಟವಾಗುತ್ತಿದೆ, ಅಲ್ಲ ಎನ್ನಲು ನಾಚಿಕೆಯಾಗುತ್ತಿದೆ. ಅದನ್ನು ಅಲ್ಲಿಗೇ ಬಿಡುತ್ತೇನೆ.

ಇನ್ನೊಂದನ್ನು ಮಾತ್ರ ನೇರವಾಗಿ ಹೇಳಿಬಿಡುತ್ತೇನೆ, ನಾನು ಸುತ್ತಿಬಳಸಿ ಹೇಳುತ್ತೇನೆ ಎಂದು ನೀನು ಹಂಗಿಸಿದ್ದಕ್ಕೆ. ನನಗೆ ಈ ಕೆಲಸ ಬೇಕು ಕೊರಿನ್. ತುಂಬಾ ಬೇಕು. ನನಗೆ ಎಪ್ಪತ್ತಮೂರು. ಕಿವಿ ಹೋಯಿತು, ಮಂಡಿ ಹೋಯಿತು, ಕೈ ಮಾತ್ರ ಇನ್ನೂ ನಡುಗುವುದಿಲ್ಲ. ಈ ಕೈಯಿಂದ ಕೊನೆಯದಾಗಿ ಆದದ್ದು ಟೂತ್‌ಪೇಸ್ಟಿನ ಬೀವರ್ ಎಂದಾಗಬಾರದು. ಹೆತ್ತವರಿಗೆ ಹೆಗ್ಗಣ ಮುದ್ದು ಎನ್ನುತ್ತಾರೆ. ಜಗತ್ತೆಲ್ಲ ಹೆದರುವ ಆ ಹೆಗ್ಗಣವನ್ನು ಇನ್ನೊಂದು ಸಲ ಎಬ್ಬಿಸಿ ನಿಲ್ಲಿಸಬೇಕೆಂದು ನನಗೆ ಆಸೆ. ಅಷ್ಟೇ. ಇದನ್ನು ಓದಿಯೂ ನೀನು ಆಗದು ಎಂದರೆ ಮತ್ತೆ ಕೇಳುವುದಿಲ್ಲ.

ಒಪಲ್ 'ಛೆ' ಎಂದದ್ದನ್ನು ಓದಿ ಆ ದಿನವೆಲ್ಲ ಖುಷಿಯಾಗಿದ್ದೆ.

ನಿನ್ನ ಅಮ್ಮ

*

ಟೊಲೆಡೊ
ಏಪ್ರಿಲ್ 19

ಅಮ್ಮಾ,

ಈ ಕಾಗದದ ಜೊತೆ ಒಂದು ಪೆಟ್ಟಿಗೆ ಬರುತ್ತದೆ. ಮೇಲೆ 'ನಾಜೂಕು' ಎಂದು ಕೆಂಪಕ್ಷರದಲ್ಲಿ ಬರೆದಿದ್ದೇನೆ, ಅಂಚೆಯವರು ಅದನ್ನು ಓದಿಯೇ ಎಸೆಯುತ್ತಾರೆ ಎನ್ನುತ್ತಾನೆ ಲೈಲ್. ಹೊಟ್ಟು ತುಂಬಿದ್ದೇನೆ, ನಿಧಾನವಾಗಿ ಬಿಚ್ಚು.

ಒಳಗಿರುವುದು ಒಪಲ್ ಅಲ್ಲ, ನಾನು.

ಶನಿವಾರ ಲ್ಯಾಬಿಗೆ ರಜೆ. ನನ್ನ ಜೊತೆ ಕೆಲಸ ಮಾಡುವ ಇನೆಜ್ ಬಂದಳು. ಬಾಯಿಯ ಅಚ್ಚಿಗೆ ಬಳಸುವ ಪುಡಿಯನ್ನೇ ಬಕೆಟ್ಟಿನಲ್ಲಿ ಕಲಸಿದೆವು. ಅವಳು ಈವರೆಗೆ ಒಂದು ದವಡೆಗಿಂತ ದೊಡ್ಡದರ ಅಚ್ಚು ತೆಗೆದವಳಲ್ಲ. ಮೂಗಿನ ಹೊಳ್ಳೆ ಎರಡನ್ನು ಬಿಟ್ಟು ಉಳಿದದ್ದನ್ನೆಲ್ಲ ಮುಚ್ಚುವಾಗ, "ಅಯ್ಯೋ ದೇವ್ರೇ, ಇವಳು ಸತ್ರೆ ಲೈಲ್‌ಗೆ ಏನ್ ಹೇಳ್ಲಿ, ಬಾಸ್‌ಗೆ ಏನ್ ಹೇಳ್ಲಿ," ಎಂದು ಒಂದೇ ಸಮ ಗೊಣಗುತ್ತಿದ್ದಳು. ಕಿವಿಯೂ ಮುಚ್ಚಿಹೋದ ಮೇಲೆ ಅದೂ ಕೇಳಿಸಲಿಲ್ಲ. ಒಳಗೆ ಪುದೀನದ ವಾಸನೆ. ಮೊದಲು ತಣ್ಣಗೆ, ಆಮೇಲೆ ಮೇಲಿನ ಪ್ಲಾಸ್ಟರ್ ಬಟ್ಟೆ ಬಿಸಿಯಾಗುತ್ತಾ ಬಂತು. ನನಗೆ ಮೂವತ್ತೇಳು ಎನ್ನುವುದು ಮರೆತುಹೋಗಿ, ಸಣ್ಣವಳಾಗಿ ನಿನ್ನ ಗ್ಯಾರೇಜಿನಲ್ಲಿ ಕೂತಿದ್ದೆ. ಅಳು ಬರುತ್ತದೆ ಎಂದುಕೊಂಡಿದ್ದೆ. ಬರಲಿಲ್ಲ. ಆ ಒಳಗೆ ತುಂಬ ನಿಶ್ಶಬ್ದವಾಗಿತ್ತು, ಆಗಲೂ ಹಾಗೇ ಇತ್ತೆಂದು ನೆನಪಾಯಿತು. ಆಗ ನನಗೆ ಅದು ಇಷ್ಟವಾಗಿತ್ತು. ಇದನ್ನು ನಾನು ಯಾರಿಗೂ ಹೇಳಿಲ್ಲ.

ಅಚ್ಚು ಒಣಗಿ ಕುಗ್ಗುವ ಮೊದಲೇ ಪ್ಲಾಸ್ಟರ್ ಹುಯ್ದು ಮುಖ ತೆಗೆದು ಕಳಿಸಿದ್ದೇನೆ. ಟ್ಯಾನ್ಸಿಗೆ ಹಳೆಯ ಮುಖವೇ ಬೇಕಂತಲ್ಲ, ಆ ಮುಖದ ಈಗಿನ ಸ್ಥಿತಿ ಇದು. ಅವಳಿಗೂ ವಯಸ್ಸಾಗಲಿ. ಅಷ್ಟೊಂದು ಜನರನ್ನು ಕೊಂದು ಯಾರೂ ಹಾಗೇ ಹಸುಳೆಯಾಗಿ ಉಳಿಯುವುದಿಲ್ಲ. ಡೆಸ್ಮಂಡ್‌ಗೆ ಕೊಡು. ಬೇಡ ಎಂದರೆ ನನಗೆ ವಾಪಸು ಕಳಿಸಬೇಡ, ಮನೆಯಲ್ಲಿ ಇಡಲು ಜಾಗವಿಲ್ಲ.

ಒಪಲ್‌ಳ ಮುಖ ಕೊಡುವುದಿಲ್ಲ. ನಿನಗೆ ಕೆಲಸ ಸಿಗಲಿ ಎಂದು ನನಗೆ ನಿಜವಾಗಿಯೂ ಆಸೆಯಿದೆ. ಎರಡೂ ಒಟ್ಟಿಗೆ ಆಗುವ ದಾರಿ ನನಗೆ ಹೊಳೆದದ್ದು ಇದೊಂದೇ.

ಕೊರಿನ್

*

ಸನ್ ವ್ಯಾಲಿ
ಮೇ 6

ಪ್ರೀತಿಯ ಕೊರಿನ್,

ಪೆಟ್ಟಿಗೆ ಕ್ಷೇಮವಾಗಿ ಬಂತು. ಕಿವಿಯ ಹಿಂದೆ ಒಂದು ಗಾಳಿಗುಳ್ಳೆ ಬಿಟ್ಟರೆ ಅಚ್ಚು ಸೊಗಸಾಗಿದೆ. ಇನೆಜ್‌ಗೆ ನನ್ನ ಕಡೆಯಿಂದ ಶಹಭಾಸ್ ಹೇಳು. ಅದನ್ನು ಮೇಜಿನ ಮೇಲೆ ನಿಲ್ಲಿಸಿ ಡೆಸ್ಮಂಡನನ್ನು ಕರೆದೆ.

ಅವನು ಅದರ ಸುತ್ತ ಒಂದು ಸುತ್ತು ಹಾಕಿದ. ಕೇಳಿಸಲಿ ಎಂದು ನನ್ನ ಕಿವಿಯ ಹತ್ತಿರ ಬಂದು, "ಮೇಡಂ, ಇದು ದೊಡ್ಡವರ ಮುಖ," ಎಂದ.

"ಮೂವತ್ತು ವರ್ಷ ಆದ್ಮೇಲೆ ಇನ್ನೇನಾಗತ್ತಪ್ಪ?"

"ಮಧ್ಯವಯಸ್ಸಿನ ಹೆಂಗಸಿಗೆ ಯಾರ್ ಹೆದರ್ತಾರೆ ಮೇಡಂ?"

"ನಿಂಗಿನ್ನೂ ಮದುವೆ ಆಗಿಲ್ಲ ಅನ್ಸುತ್ತೆ," ಎಂದೆ.

ನಗಲಿಲ್ಲ. ಮುಖದ ಮೇಲಿನ ಗೆರೆಗಳನ್ನು ತೋರಿಸಿ ಆಗದೆಂದು ತಲೆಯಾಡಿಸಿದ. ಆಮೇಲೆ ಕುರ್ಚಿ ಎಳೆದುಕೊಂಡು ಎದುರಿಗೆ ಕೂತ. ಕೆಟ್ಟ ಹುಡುಗನಲ್ಲ, ಅವನಿಗೂ ಮೇಲಿನವರ ಕಾಟ. "ಮಗಳು ಒಪ್ಪದಿದ್ರೆ ಬೇಡ ಬಿಡಿ. ಮಗುವಿನ ಫೋಟೋ ಇತ್ತಲ್ಲ? ಇಷ್ಟು ವರ್ಷದ ಕ್ರಿಸ್‌ಮಸ್ ಕಾರ್ಡೂ ಇರತ್ತೆ, ಮುಂದಿಂದ, ಪಕ್ಕದಿಂದ. ನಿಮ್ಮ ಕೈಗೆ ಅಚ್ಚು ಯಾಕೆ ಬೇಕು? ಹಾಗೇ ನೋಡ್ಕೊಂಡು ಮಣ್ಣಲ್ಲಿ ಮಾಡ್ಬಿಡಿ. ಯಾರಿಗ್ ಗೊತ್ತಾಗತ್ತೆ?"

ನಿಜ ಹೇಳುತ್ತೇನೆ, ಅದು ನನ್ನ ತಲೆಯಲ್ಲಿ ಜನವರಿಯಿಂದ ಇತ್ತು. ನನ್ನ ಕೈಗೆ ಅಚ್ಚು ಬೇಕಾಗಿಲ್ಲ. ಫೋಟೋ ಇದ್ದ ಡ್ರಾಯರಿಗೂ ನನ್ನ ಕೈಗೂ ಒಂದು ಗೇಣು ದೂರ. ಡೆಸ್ಮಂಡನ ಜೇಬಿನಲ್ಲಿ ಕರಾರುಪತ್ರವಿತ್ತು. ಮಧ್ಯದಲ್ಲಿ, ಮೇಜಿನ ಮೇಲೆ, ನೀನು ಕಣ್ಣು ಮುಚ್ಚಿಕೊಂಡು ಇದ್ದೆ.

"ನನ್ ಮಗಳಿಗೆ ಗೊತ್ತಾಗತ್ತೆ," ಎಂದೆ.

"ಸಿನಿಮಾ ನೋಡಲ್ಲ ಅಂತಿದ್ರಿ ಅವ್ರು?"

"ಅದಕ್ಕಲ್ಲಪ್ಪ. ಮಾಡಲ್ಲ ನಾನು."

ಅವನು ಎದ್ದು ಕೈಕುಲುಕಿ ಹೋದ. ಕಂಪ್ಯೂಟರಿನಲ್ಲೇ ಮಾಡುತ್ತಾರಂತೆ. ದೀಪ ಎಲ್ಲಿಡಬೇಕು ಎಂದು ಅವನು ಕೇಳಲಿಲ್ಲ, ನಾನೂ ಹೇಳಲಿಲ್ಲ. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ ಎಂದು ಎರಡು ದಿನ ಮಂಕಾಗಿದ್ದೆ. ಸಿಟ್ಟೂ ಬಂತು. ಅವನ ಮೇಲೆ, ನಿನ್ನ ಮೇಲೆ, ಸ್ವಲ್ಪ ಒಪಲ್ ಮೇಲೂ. ಮೂರನೆಯ ದಿನ ಬೇರೇನೂ ಕೆಲಸವಿಲ್ಲದೆ ನಿನ್ನ ಮುಖವನ್ನು ಮಣ್ಣಿನಲ್ಲಿ ತೆಗೆದುಕೊಂಡು ತಿದ್ದಲು ಕೂತೆ.

ಇದನ್ನು ಯಾರೂ ಕೇಳಿಲ್ಲ. ಯಾವ ಸಿನಿಮಾಕ್ಕೂ ಅಲ್ಲ. ನಿನ್ನ ಬಾಯಿಯ ಎರಡು ಪಕ್ಕ ಗೆರೆ ಬಂದಿದೆ, ಎಡಗಡೆಯದು ಆಳ. ಹುಬ್ಬಿನ ನಡುವೆ ಒಂದು ಮಡಿಕೆಯಿದೆ, ಸಣ್ಣ ಕೆಲಸವನ್ನು ಹತ್ತಿರ ಹಿಡಿದು ನೋಡುವವರಿಗೆ ಬರುವಂಥದ್ದು. ಅದು ನನಗೂ ಇದೆ. ಗಲ್ಲದ ಕೆಳಗೆ ಒಂದು ಸಣ್ಣ ಕಲೆ, ಹೊಲಿಗೆ ಹಾಕಿಸಿದ ಹಾಗಿದೆ. ಎಲ್ಲಿ ಬಿದ್ದೆ? ಯಾವಾಗ? ಹೆಬ್ಬೆರಳಿನಿಂದ ಒಂದೊಂದನ್ನೇ ತಡವುತ್ತಾ ಹೋದೆ, ಒಂದರ ಕಥೆಯೂ ನನಗೆ ಗೊತ್ತಿರಲಿಲ್ಲ. ಆರು ವರ್ಷದ ನಿನ್ನ ಮುಖವನ್ನು ನಾನು ಕತ್ತಲಲ್ಲಿ ಬೇಕಾದರೂ ಮಾಡಬಲ್ಲೆ. ಇದು ಯಾರದೋ ಮುಖ. ಆಗ ನನಗೆ ಅಳು ಬಂತು ಕೊರಿನ್, ಕೈಯೆಲ್ಲ ಮಣ್ಣು, ಒರೆಸಿಕೊಳ್ಳಲೂ ಆಗಲಿಲ್ಲ.

ಮುಖ ಮುಗಿದಿದೆ. ಕಣ್ಣು ತೆರೆಸಲು ಮಾತ್ರ ಕೈ ಬರಲಿಲ್ಲ. ಈಗ ನೀನು ಹೇಗೆ ನೋಡುತ್ತೀಯ ಎಂದು ನನಗೆ ಗೊತ್ತಿಲ್ಲ.

ಆದ್ದರಿಂದ ಜೂನ್ ಎರಡನೇ ವಾರ ಟೊಲೆಡೊಗೆ ಬರುತ್ತೇನೆ. ಪುಡಿ, ಪ್ಲಾಸ್ಟರ್, ಉಳಿ, ಏನೂ ತರುವುದಿಲ್ಲ. ಒಪಲ್‌ಳ ಮುಖಕ್ಕೆ ಕೈ ಹಚ್ಚುವುದಿಲ್ಲ, ಅವಳೇ ಬಂದು ಕೆನ್ನೆ ಕೊಟ್ಟರೆ ಬೇರೆ ಮಾತು. ನಿನ್ನ ಎದುರಿಗೆ ಒಂದಷ್ಟು ಹೊತ್ತು ಸುಮ್ಮನೆ ಕೂರಬೇಕು. ಮಾತಾಡಿದರೂ ನನಗೆ ಕೇಳಿಸುವುದಿಲ್ಲ, ನೋಡುವುದೊಂದೇ ಕೆಲಸ.

ಬರಬೇಡ ಅನ್ನುವುದಾದರೆ ಬೇಗ ಬರೆ. ಟಿಕೇಟು ತೆಗೆದಾಗಿದೆ, ಬರೆದರೂ ಬರುತ್ತೇನೆ.

ಅಮ್ಮ